ಆರೋಗ್ಯವಂತ ಕುರಿಯ ಉಸಿರು, ನಾಡಿ, ಉಷ್ಣತೆ ಮತ್ತು ರಕ್ತದೊತ್ತಡ: ಎಚ್ಚರದಲ್ಲಿಯೂ ಅರಿವಳಿಕೆಯಲ್ಲಿಯೂ ಅಳೆದು ಅರ್ಥ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬೇಸಿಗೆಯಲ್ಲಿ ರಾಯಚೂರು ಕಡೆಯ ಕುರಿಹಟ್ಟಿಯೊಂದರಲ್ಲಿ ಬೆಳಿಗ್ಗೆ 6 ಗಂಟೆಗೆ ಮಲಗಿ ಮೆಲುಕು ಹಾಕುತ್ತಿರುವ ಕುರಿಯ ಉಸಿರನ್ನು ಎಣಿಸಿದರೆ ನಿಮಿಷಕ್ಕೆ 20ರ ಆಸುಪಾಸು ಸಿಗುತ್ತದೆ. ಅದೇ ಕುರಿ ಬಿಸಿಲಿನಲ್ಲಿ ಮೇದು ಬಂದು, ಮಧ್ಯಾಹ್ನ 2 ಗಂಟೆಗೆ ಜಾಲಿಯ ನೆರಳಿನಲ್ಲಿ ತಲೆ ತಗ್ಗಿಸಿ ನಿಂತಾಗ ಎಣಿಸಿದರೆ ಲೆಕ್ಕ 100 ದಾಟಿರಬಹುದು. ಎರಡು ಹೊತ್ತಿನಲ್ಲೂ ಕುರಿ ಆರೋಗ್ಯವಾಗಿಯೇ ಇದೆ. ಪುಸ್ತಕದಲ್ಲಿ ಬರೆದಿರುವ 16ರಿಂದ 34 ಎಂಬ ಮಿತಿಯನ್ನಷ್ಟೇ ಬಾಯಿಪಾಠ ಮಾಡಿಕೊಂಡವರು ಮಧ್ಯಾಹ್ನದ ಕುರಿಗೆ ನ್ಯುಮೋನಿಯಾ ಎಂದು ಸೂಜಿ ಚುಚ್ಚಿಬಿಡುತ್ತಾರೆ. ಆದ್ದರಿಂದ ಈ ಬರಹದಲ್ಲಿ ಪ್ರತಿಯೊಂದು ಸಂಖ್ಯೆಯ ಜೊತೆಗೆ ಅದನ್ನು ಯಾವ ಸ್ಥಿತಿಯಲ್ಲಿ, ಯಾವ ಕ್ರಮದಲ್ಲಿ ಅಳೆಯಬೇಕು ಎಂಬುದನ್ನೂ ಹೇಳಿದ್ದೇನೆ.

ಮೊದಲರ್ಧ ಕುರಿ ಸಾಕುವವರಿಗೂ ಪಶು ಆಸ್ಪತ್ರೆಯ ಸಿಬ್ಬಂದಿಗೂ ವಿದ್ಯಾರ್ಥಿಗಳಿಗೂ ಸಮಾನವಾಗಿ ಉಪಯೋಗಕ್ಕೆ ಬರುತ್ತದೆ. ಅರಿವಳಿಕೆಯ ಭಾಗ ಪಶುವೈದ್ಯರಿಗೆ ಮತ್ತು ಅವರ ಕೈಕೆಳಗೆ ಕೆಲಸ ಮಾಡುವವರಿಗೆ ಮಾತ್ರ. ಅಲ್ಲಿ ಹೆಸರಿಸಿರುವ ಔಷಧಿಗಳನ್ನು ಬೇರೆ ಯಾರೂ ಮುಟ್ಟಬಾರದು.

ಮೊದಲ ಹೆಜ್ಜೆ: ಹಿಡಿಯುವ ಮೊದಲು ಉಸಿರನ್ನು ಎಣಿಸಿ

ಕುರಿಯನ್ನು ಹಿಡಿದ ಕ್ಷಣದಿಂದ ಅದರ ಉಸಿರು, ಹೃದಯದ ಬಡಿತ, ರಕ್ತದಲ್ಲಿನ ಕೆಂಪು ಕಣಗಳ ಪ್ರಮಾಣ ಎಲ್ಲವೂ ಏರತೊಡಗುತ್ತವೆ. ಹಾಗಾಗಿ ಉಸಿರಾಟವನ್ನು ಯಾವಾಗಲೂ ಮೊದಲು, ಹತ್ತು ಹದಿನೈದು ಅಡಿ ದೂರದಲ್ಲಿ ನಿಂತು, ಕುರಿಗೆ ನಿಮ್ಮ ಇರವು ಅಭ್ಯಾಸವಾಗುವಷ್ಟು ಹೊತ್ತು ಕಾದು ಎಣಿಸಬೇಕು. ಕಣ್ಣಿಡಬೇಕಾದ ಜಾಗ ಕೊನೆಯ ಪಕ್ಕೆಲುಬು ಮತ್ತು ಸೊಂಟದ ನಡುವಿನ ಪಕ್ಕೆ. ಅದು ಒಮ್ಮೆ ಮೇಲೆದ್ದು ಇಳಿದರೆ ಒಂದು ಉಸಿರು. ದಟ್ಟ ಉಣ್ಣೆಯ ಡೆಕ್ಕನಿ ಕುರಿಯಲ್ಲಿ ಪಕ್ಕೆಯ ಚಲನೆ ಸರಿಯಾಗಿ ಕಾಣದಿದ್ದರೆ ಮೂಗಿನ ಹೊಳ್ಳೆಗಳನ್ನು ನೋಡಿ ಎಣಿಸಬಹುದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ರೂಢಿ ಇದೆಯಾದರೂ ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಒಂದು ಉಸಿರು ತಪ್ಪಿದರೂ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ; ಪೂರ್ತಿ ಒಂದು ನಿಮಿಷ ಎಣಿಸುವುದೇ ಸರಿ.

ತಂಪಾದ ಹೊತ್ತಿನಲ್ಲಿ, ಓಡಿಸದೆ ಬಿಟ್ಟ ವಯಸ್ಕ ಕುರಿಯ ಉಸಿರಾಟ ನಿಮಿಷಕ್ಕೆ 16ರಿಂದ 34ರ ನಡುವೆ ಇರುತ್ತದೆ. ಮರಿಗಳಲ್ಲಿ ಇದು ಹೆಚ್ಚು. ತುಂಬು ಗಬ್ಬದ ಕುರಿಯಲ್ಲಿಯೂ ಹೆಚ್ಚು, ಏಕೆಂದರೆ ಗರ್ಭಕೋಶ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ಮುಂದಕ್ಕೆ ಒತ್ತುತ್ತದೆ. ಕುರಿಗೆ ಬೆವರಿನಿಂದ ಮೈ ತಣಿಸಿಕೊಳ್ಳುವ ಶಕ್ತಿ ಕಡಿಮೆ. ಅದು ಹೆಚ್ಚಾಗಿ ಉಸಿರಿನ ತೇವ ಆರಿಸಿಯೇ ಬಿಸಿಯನ್ನು ಹೊರಹಾಕುತ್ತದೆ. ಮೊದಲ ಹಂತದಲ್ಲಿ ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಬಲುಬೇಗ, ಮೇಲುಮೇಲಿನ ಉಸಿರಾಡುತ್ತದೆ, ಮತ್ತು ಈ ಹಂತದಲ್ಲಿ ನಿಮಿಷಕ್ಕೆ 200ರವರೆಗೆ ಹೋದರೂ ಕುರಿ ಇನ್ನೂ ತನ್ನನ್ನು ತಾನು ಸಂಭಾಳಿಸಿಕೊಳ್ಳುತ್ತಿದೆ ಎಂದೇ ಅರ್ಥ. ಬಾಯಿ ತೆರೆದು, ನಾಲಿಗೆ ಚಾಚಿ, ಉಸಿರಿನ ವೇಗ ತುಸು ತಗ್ಗಿ ಆಳ ಹೆಚ್ಚಾಯಿತೆಂದರೆ ಎರಡನೆಯ ಹಂತ ಶುರುವಾಗಿದೆ. ಲೆಕ್ಕ ಇಳಿಯಿತೆಂದು ಸಮಾಧಾನ ಪಡುವ ಹೊತ್ತು ಅದಲ್ಲ, ಕೂಡಲೇ ನೆರಳು, ಗಾಳಿ, ನೀರು ಒದಗಿಸುವ ಹೊತ್ತು.

ದೂರದಲ್ಲಿ ನಿಂತಿರುವಾಗಲೇ ಇನ್ನೆರಡು ಸಂಗತಿ ನೋಡಿಕೊಳ್ಳಿ: ಕುರಿ ಹಿಂಡಿನ ಜೊತೆಗಿದೆಯೇ, ಮೆಲುಕು ಹಾಕುತ್ತಿದೆಯೇ. ಹಿಂಡಿನಿಂದ ದೂರ ಒಂಟಿಯಾಗಿ ನಿಂತ ಕುರಿಯ ಯಾವ ಅಳತೆಯೂ ಸಹಜವೆಂದು ಮೊದಲೇ ಎಣಿಸಬಾರದು.

ಎರಡನೆಯ ಹೆಜ್ಜೆ: ಹಿಡಿಯುವುದು ಮತ್ತು ಉಷ್ಣತೆ ಅಳೆಯುವುದು

ಉಣ್ಣೆ ಹಿಡಿದು ಎಳೆಯಬೇಡಿ. ಚರ್ಮದಡಿ ರಕ್ತ ಹೆಪ್ಪುಗಟ್ಟುತ್ತದೆ. ಒಂದು ಕೈಯನ್ನು ಗದ್ದದ ಕೆಳಗೆ, ಇನ್ನೊಂದನ್ನು ಹಿಂಭಾಗಕ್ಕೆ ಕೊಟ್ಟು, ಮೈಯನ್ನು ನಿಮ್ಮ ಮೊಣಕಾಲಿಗೆ ಒರಗಿಸಿಕೊಂಡರೆ ಒಬ್ಬರೇ ನಿಲ್ಲಿಸಿಕೊಳ್ಳಬಹುದು. ಒಂದು ಕುರಿಯನ್ನು ಮಾತ್ರ ಬೇರ್ಪಡಿಸಿ ಕೋಣೆಗೆ ತಂದರೆ ಅದರ ಹೃದಯದ ಬಡಿತ ಬಹಳ ಹೊತ್ತು ಇಳಿಯುವುದಿಲ್ಲ, ಜೊತೆಗೊಂದು ಕುರಿಯನ್ನು ಕಣ್ಣಿಗೆ ಬೀಳುವಂತೆ ಕಟ್ಟಿದರೆ ಇಳಿಯುತ್ತದೆ. ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು ಇದನ್ನು ಮರೆಯುತ್ತಾರೆ, ಕುರುಬರು ಮರೆಯುವುದಿಲ್ಲ.

ಥರ್ಮಾಮೀಟರಿನ ತುದಿಗೆ ಎಣ್ಣೆ ಅಥವಾ ಜೆಲ್ಲಿ ಸವರಿ, ಗುದದ್ವಾರದೊಳಗೆ 4ರಿಂದ 5 ಸೆಂಟಿಮೀಟರ್ ಸೇರಿಸಿ, ತುಸು ಓರೆ ಮಾಡಿ ಕರುಳಿನ ಗೋಡೆಗೆ ತಾಗುವಂತೆ ಹಿಡಿಯಬೇಕು. ಹಿಕ್ಕೆಯ ಉಂಡೆಯೊಳಗೆ ತುದಿ ಹೂತುಹೋದರೆ ಅರ್ಧದಿಂದ ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ, ಮತ್ತು ಜ್ವರ ಬಂದ ಕುರಿಯನ್ನು ಸಹಜವೆಂದು ಬಿಟ್ಟುಬಿಡುವ ತಪ್ಪು ಹೆಚ್ಚಾಗಿ ನಡೆಯುವುದು ಹೀಗೆ. ಪಾದರಸದ ಥರ್ಮಾಮೀಟರಾದರೆ ಎರಡು ನಿಮಿಷ ಬಿಡಿ. ಅದಕ್ಕೊಂದು ದಾರ ಕಟ್ಟಿ ದಾರದ ತುದಿಯನ್ನು ಕ್ಲಿಪ್ಪಿನಿಂದ ಉಣ್ಣೆಗೆ ಸಿಕ್ಕಿಸಿದರೆ ಒಳಗೆ ಜಾರುವ, ಬಿದ್ದು ಒಡೆಯುವ ಭಯವಿರುವುದಿಲ್ಲ.

ವಯಸ್ಕ ಕುರಿಯ ಉಷ್ಣತೆ ಸಾಮಾನ್ಯವಾಗಿ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಆಸ್ಪತ್ರೆಗಳ ಲೆಕ್ಕದಲ್ಲಿ 101.3ರಿಂದ 103.1 ಡಿಗ್ರಿ ಫ್ಯಾರನ್‌ಹೀಟ್. ನಸುಕಿನಲ್ಲಿ ಕೆಳಗಿನ ತುದಿಯಲ್ಲಿಯೂ ಸಂಜೆಗೆ ಮೇಲಿನ ತುದಿಯಲ್ಲಿಯೂ ಇರುವುದು ಸಹಜ. ದೂರ ಅಟ್ಟಿಕೊಂಡು ಬಂದ, ಉಣ್ಣೆ ಕತ್ತರಿಸದ, ಬಿಸಿಲಿನಲ್ಲಿದ್ದ ಕುರಿಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಕಂಡರೆ ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿ ಮತ್ತೆ ಅಳೆಯಿರಿ. ಇಳಿದರೆ ಬಿಸಿಲಿನದು, ಇಳಿಯದಿದ್ದರೆ ಜ್ವರ.

ಹುಟ್ಟಿದ ಮರಿಯ ಉಷ್ಣತೆ 39ರಿಂದ 40 ಡಿಗ್ರಿಯವರೆಗೆ ಇರಬೇಕು. ಅದು 37 ಡಿಗ್ರಿಗಿಂತ ಕೆಳಗಿಳಿದಿದ್ದು, ಮರಿಗೆ ಐದು ಗಂಟೆಗಿಂತ ಹೆಚ್ಚು ವಯಸ್ಸಾಗಿದ್ದರೆ, ಮೈಯೊಳಗಿನ ಸಕ್ಕರೆಯ ಸಂಗ್ರಹವೂ ತೀರಿರುತ್ತದೆ. ಅಂಥ ಮರಿಯನ್ನು ಬರಿದೇ ಕಾಯಿಸಿದರೆ ಫಿಟ್ಸ್ ಬಂದು ಸಾಯಬಹುದು, ಮೊದಲು ವೈದ್ಯರಿಂದ ಗ್ಲೂಕೋಸ್ ಕೊಡಿಸಿ ಆಮೇಲೆ ಕಾಯಿಸಬೇಕು.

ಮೂರನೆಯ ಹೆಜ್ಜೆ: ಹೃದಯ, ನಾಡಿ, ಕಣ್ಣಿನ ಬಣ್ಣ

ಎಡ ಮುಂಗಾಲನ್ನು ತುಸು ಮುಂದಕ್ಕೆ ಸರಿಸಿ, ಮೊಣಕೈಯ ಒಳಭಾಗದ ಉಣ್ಣೆಯಿಲ್ಲದ ಚರ್ಮದ ಮೇಲೆ ಸ್ಟೆತಾಸ್ಕೋಪ್ ಒತ್ತಿದರೆ ಹೃದಯದ ಎರಡೂ ಸದ್ದು ಸ್ಪಷ್ಟವಾಗಿ ಕೇಳುತ್ತವೆ. ಉಣ್ಣೆಯ ಮೇಲಿಟ್ಟರೆ ಕೇಳುವುದು ಉಣ್ಣೆಯ ಸರಪರ ಸದ್ದು ಮಾತ್ರ. ನಾಡಿಯನ್ನು ತೊಡೆಯ ಒಳಭಾಗದ ಅಪಧಮನಿಯಲ್ಲಿ ಎರಡು ಬೆರಳಿಟ್ಟು ನೋಡಬೇಕು. ಹೆಬ್ಬೆರಳಿಟ್ಟರೆ ನಿಮ್ಮದೇ ನಾಡಿ ಎಣಿಸುವ ಸಂಭವವಿದೆ. ವಿಶ್ರಾಂತಿಯಲ್ಲಿರುವ ವಯಸ್ಕ ಕುರಿಯ ಬಡಿತ ನಿಮಿಷಕ್ಕೆ 70ರಿಂದ 90. ಹಿಡಿದು ನಿಲ್ಲಿಸಿದ ಕುರಿಯಲ್ಲಿ 100ರಿಂದ 120 ಕಂಡರೂ ಐದು ನಿಮಿಷದಲ್ಲಿ ಇಳಿಯುತ್ತ ಬಂದರೆ ಚಿಂತೆಯಿಲ್ಲ. ಆದ್ದರಿಂದ ಬಡಿತವನ್ನು ಎರಡು ಸಲ, ಉಷ್ಣತೆ ನೋಡುವ ಮೊದಲು ಒಮ್ಮೆ ಮತ್ತು ಎಲ್ಲ ಮುಗಿದ ಮೇಲೆ ಒಮ್ಮೆ ಎಣಿಸಿ, ಎರಡನ್ನೂ ಬರೆದಿಡಿ.

ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕರಿ ಡೆಕ್ಕನಿ ಕುರಿಗಳಲ್ಲಿ ವಸಡೂ ನಾಲಿಗೆಯೂ ಎಷ್ಟೋ ಸಲ ಕಪ್ಪಾಗಿರುವುದರಿಂದ ಈ ಪರೀಕ್ಷೆ ಕೈಕೊಡುತ್ತದೆ; ಆಗ ಕೆಳರೆಪ್ಪೆಯನ್ನು ಕೆಳಗೆ ಸರಿಸಿ ಒಳಪೊರೆಯ ಬಣ್ಣ ನೋಡಬೇಕು. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚ ಎಂಬ ಬಣ್ಣದ ಪಟ್ಟಿ ಈ ಒಳಪೊರೆಯನ್ನು ಕಡುಗೆಂಪಿನಿಂದ ಬಿಳಿಯವರೆಗೆ 5 ದರ್ಜೆಗಳಾಗಿ ವಿಂಗಡಿಸುತ್ತದೆ. ಅದನ್ನು ಮಾಡಿದ್ದು ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹಿಮಾಂಕಸ್ ಎಂಬ ಜಂತುಹುಳುವಿನಿಂದಾಗುವ ರಕ್ತಹೀನತೆಯನ್ನು ಹಟ್ಟಿಯಲ್ಲೇ ಗುರುತಿಸಲು. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ಕುರಿಯಲ್ಲಿ ರಕ್ತ ಎಷ್ಟಿದೆಯೆಂದು ಅಂದಾಜು ಮಾಡಲೂ ಅದು ಬಹಳ ಒದಗುತ್ತದೆ. 1 ಮತ್ತು 2 ನಿಶ್ಚಿಂತೆಯ ದರ್ಜೆಗಳು. 4 ಅಥವಾ 5 ಕಂಡ ಕುರಿಯನ್ನು ರಕ್ತ ಪರೀಕ್ಷೆ ಮಾಡದೆ ಅರಿವಳಿಕೆಗೆ ಒಳಪಡಿಸಬಾರದು.

ನಾಲ್ಕನೆಯ ಹೆಜ್ಜೆ: ಎಡಪಕ್ಕೆಯ ಹಳ್ಳ

ಎಡಪಕ್ಕೆಯ ಮೇಲಿನ ಹಳ್ಳಕ್ಕೆ ಮುಷ್ಟಿ ಒತ್ತಿ ಹಿಡಿದರೆ ಮೆಲುಕು ಚೀಲ ಕೈಯನ್ನು ನಿಧಾನವಾಗಿ ಹೊರಕ್ಕೆ ತಳ್ಳಿ ಮತ್ತೆ ಒಳಕ್ಕಿಳಿಯುವುದು ತಿಳಿಯುತ್ತದೆ. ನಿಮಿಷಕ್ಕೆ ಒಂದರಿಂದ ಎರಡು ಸಲ ಹೀಗಾಗಬೇಕು. ಒಂದೇ ನಿಮಿಷ ನೋಡಿ ನಿರ್ಧರಿಸುವುದು ಸಾಲದು, ಎರಡು ಅಥವಾ ಮೂರು ನಿಮಿಷ ಕೈಯಿಟ್ಟಿರಬೇಕು. ಮುಷ್ಟಿಗೆ ಮೇಲ್ಭಾಗ ತುಸು ಮೆತ್ತಗೆ, ಕೆಳಗಿಳಿದಂತೆ ನಾದಿದ ಹಿಟ್ಟಿನಂತೆ ಅನಿಸಿದರೆ ಸರಿ. ಡೋಲಿನಂತೆ ಬಿಗಿದಿದ್ದರೆ ಉಬ್ಬರ.

ಐದನೆಯ ಹೆಜ್ಜೆ: ರಕ್ತ

ರಕ್ತ ತೆಗೆಯುವುದು ಕತ್ತಿನ ಅಭಿಧಮನಿಯಿಂದ. ಉಣ್ಣೆ ಬಿಡಿಸಿ, ಕೆಳಗೆ ಹೆಬ್ಬೆರಳಿನಿಂದ ತಡೆದರೆ ಮೇಲೆ ನಾಳ ಉಬ್ಬುತ್ತದೆ. ಕುರಿ ಎಷ್ಟು ಕಡಿಮೆ ಒದ್ದಾಡಿತೋ ಅಳತೆ ಅಷ್ಟು ನಿಜ, ಏಕೆಂದರೆ ಕುರಿಯ ಗುಲ್ಮ ಕೆಂಪು ಕಣಗಳ ಒಂದು ಉಗ್ರಾಣ. ಹೆದರಿಕೆಗೆ ಅದು ಸಂಕುಚಿಸಿ ಕಣಗಳನ್ನು ರಕ್ತಕ್ಕೆ ಸುರಿಯುತ್ತದೆ. ಅಟ್ಟಾಡಿಸಿ ಹಿಡಿದ ಕುರಿಯಲ್ಲಿ 36 ಬಂದ ಪಿ.ಸಿ.ವಿ. (ರಕ್ತದಲ್ಲಿ ಕೆಂಪು ಕಣಗಳ ಶೇಕಡಾವಾರು ಪಾಲು), ಅದೇ ಕುರಿ ಮಂಪರು ಔಷಧಿಯಿಂದ ಮಲಗಿದ ಮೇಲೆ 28ಕ್ಕೆ ಇಳಿಯಬಹುದು, ಒಂದು ಹನಿ ರಕ್ತವೂ ಸೋರದೆ. ಇದು ಗೊತ್ತಿಲ್ಲದವರು ಶಸ್ತ್ರಚಿಕಿತ್ಸೆಯ ನಡುವೆ ರಕ್ತಸ್ರಾವವಾಗುತ್ತಿದೆಯೆಂದು ಗಾಬರಿಯಾಗುತ್ತಾರೆ.

ಆರೋಗ್ಯವಂತ ವಯಸ್ಕ ಕುರಿಯಲ್ಲಿ ಪಿ.ಸಿ.ವಿ. ಶೇಕಡ 27ರಿಂದ 45, ಹಿಮೋಗ್ಲೋಬಿನ್ ಡೆಸಿಲೀಟರಿಗೆ 9ರಿಂದ 15 ಗ್ರಾಂ, ಬಿಳಿ ಕಣಗಳು ಮೈಕ್ರೋಲೀಟರಿಗೆ 4,000ದಿಂದ 12,000. ಬಿಳಿ ಕಣಗಳಲ್ಲಿ ಲಿಂಫೋಸೈಟುಗಳದೇ ಮೇಲುಗೈ. ಮನುಷ್ಯರ ವರದಿ ಓದಿ ರೂಢಿಯಾದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಕುರಿಯ ಕೆಂಪು ಕಣದ ಅಗಲ ಸುಮಾರು 4.5 ಮೈಕ್ರಾನ್ ಮಾತ್ರ, ಮನುಷ್ಯರದ್ದು 7ಕ್ಕಿಂತ ಹೆಚ್ಚು. ಆದ್ದರಿಂದ ಮನುಷ್ಯರ ರಕ್ತಕ್ಕೆಂದು ಹೊಂದಿಸಿದ ಯಂತ್ರಕ್ಕೆ ಕುರಿಯ ರಕ್ತ ಹಾಕಿದರೆ ಅದು ಸಣ್ಣ ಕೆಂಪು ಕಣಗಳನ್ನು ಪ್ಲೇಟ್‌ಲೆಟ್ ಎಂದು ಎಣಿಸಿ ಅಸಂಬದ್ಧ ವರದಿ ಕೊಡಬಹುದು. ತಾಲ್ಲೂಕಿನ ಮನುಷ್ಯರ ಲ್ಯಾಬಿನಲ್ಲಿ ಮಾಡಿಸುವುದೇ ಅನಿವಾರ್ಯವಾದರೆ ತೆಳು ಗಾಜಿನ ಕೊಳವೆಯಲ್ಲಿ ತಿರುಗಿಸಿ ಪಿ.ಸಿ.ವಿ. ಅಳೆಸುವುದು ಹೆಚ್ಚು ನಂಬಿಕೆಯ ದಾರಿ.

ಸಕ್ಕರೆಯ ವಿಷಯದಲ್ಲೂ ಇಂಥದೇ ಮೋಸವಿದೆ. ಮೆಲುಕು ಹಾಕುವ ಪ್ರಾಣಿಯಾದ್ದರಿಂದ ಕುರಿಯ ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 50ರಿಂದ 80 ಮಿಲಿಗ್ರಾಂ ಇದ್ದರೆ ಸಹಜ. ಅದು ಕಡಿಮೆಯಾಗಿದೆಯೆಂದು ಡೆಕ್ಸ್‌ಟ್ರೋಸ್ ಏರಿಸುವ ಅಗತ್ಯವಿಲ್ಲ. ಒಟ್ಟು ಪ್ರೋಟೀನು ಡೆಸಿಲೀಟರಿಗೆ 6ರಿಂದ 7.9 ಗ್ರಾಂ. ಸೋಡಿಯಂ ಲೀಟರಿಗೆ 139ರಿಂದ 152 ಮಿಲಿಮೋಲ್, ಪೊಟ್ಯಾಸಿಯಂ 3.9ರಿಂದ 5.4. ಅಪಧಮನಿಯ ರಕ್ತದ ಪಿ.ಎಚ್. 7.4ರಿಂದ 7.5ರ ನಡುವೆ, ಇಂಗಾಲದ ಡೈಆಕ್ಸೈಡಿನ ಒತ್ತಡ 32ರಿಂದ 40 ಮಿ.ಮೀ. ಪಾದರಸ, ಆಮ್ಲಜನಕದ ಒತ್ತಡ 85ರಿಂದ 100. ಎಚ್ಚರದ ಕುರಿಯ ಸರಾಸರಿ ರಕ್ತದೊತ್ತಡ 90ರಿಂದ 110 ಮಿ.ಮೀ. ಪಾದರಸದ ಆಸುಪಾಸಿನಲ್ಲಿರುತ್ತದೆ.

ಆರನೆಯ ಹೆಜ್ಜೆ: ಅರಿವಳಿಕೆಯ ಹಿಂದಿನ ದಿನ

ಅರಿವಳಿಕೆಯಲ್ಲಿ ಯಾವುದು ಸಹಜ ಎಂದು ತೀರ್ಮಾನಿಸಲು ಮೇಲಿನ ಪುಸ್ತಕದ ಮಿತಿಗಳಿಗಿಂತ ಆ ಕುರಿಯದೇ ಹಿಂದಿನ ದಿನದ ಅಳತೆಗಳು ಮುಖ್ಯ. ಎಚ್ಚರದಲ್ಲಿ 72 ಬಡಿತದ ಕುರಿ 110ಕ್ಕೆ ಏರುವುದಕ್ಕೂ 98ರ ಕುರಿ 110ಕ್ಕೆ ಏರುವುದಕ್ಕೂ ವ್ಯತ್ಯಾಸವಿದೆ. ಹಿಂದಿನ ದಿನವೇ ತಕ್ಕಡಿಯಲ್ಲಿ ತೂಗಿ. ಉಣ್ಣೆಯ ಕುರಿಯ ತೂಕವನ್ನು ಕಣ್ಣಂದಾಜಿನಲ್ಲಿ ಹೇಳುವವರು ಹೆಚ್ಚಾಗಿ ಜಾಸ್ತಿಯೇ ಹೇಳುತ್ತಾರೆ, ಔಷಧಿಯೂ ಜಾಸ್ತಿಯೇ ಹೋಗುತ್ತದೆ.

ವಯಸ್ಕ ಕುರಿಗೆ 12ರಿಂದ 24 ಗಂಟೆ ಮೇವು, 8ರಿಂದ 12 ಗಂಟೆ ನೀರು ನಿಲ್ಲಿಸಬೇಕು. ಇದರಿಂದ ಮೆಲುಕು ಚೀಲ ಖಾಲಿಯಾಗುವುದಿಲ್ಲ, ಹುಳಿಯುವಿಕೆ ಮತ್ತು ಗಾಳಿ ಮಾತ್ರ ಕಡಿಮೆಯಾಗುತ್ತವೆ. ಹಾಲು ಕುಡಿಯುವ ಎಳೆ ಮರಿಯನ್ನು ಹಸಿವಿನಲ್ಲಿ ಇಡಬಾರದು, ಸಕ್ಕರೆ ಇಳಿಯುತ್ತದೆ. ತುಂಬು ಗಬ್ಬದ ಕುರಿಯನ್ನೂ ದೀರ್ಘವಾಗಿ ಉಪವಾಸ ಕೆಡವಬಾರದು, ಅದಕ್ಕೆ ಕೀಟೋನ್ ಏರುವ ಗಬ್ಬದ ನಂಜು ತಗಲುವ ಅಪಾಯವಿದೆ.

ಜೈಲಜೀನ್ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ದನಕ್ಕೂ ಕುದುರೆಗೂ ದಿನನಿತ್ಯ ಬಳಸುವ ಈ ಮಂಪರು ಔಷಧಿ ಕುರಿಯಲ್ಲಿ ಬೇರೆಯೇ ಒಂದು ತೊಂದರೆ ಕೊಡುತ್ತದೆ: ಶ್ವಾಸಕೋಶದ ರಕ್ತನಾಳಗಳಲ್ಲಿ ನೆಲೆಸಿರುವ ಕೆಲವು ಕಣಗಳು ಕೆರಳಿ, ಶ್ವಾಸಕೋಶದಲ್ಲಿ ನೀರು ತುಂಬಿ, ರಕ್ತದ ಆಮ್ಲಜನಕ ಕುಸಿಯಬಹುದು. ಇದು ಎಲ್ಲ ಕುರಿಗಳಲ್ಲೂ ಆಗುವುದಿಲ್ಲ, ಆದರೆ ಯಾವ ಕುರಿಯಲ್ಲಿ ಆಗುತ್ತದೆಂದು ಮುಂಚೆ ತಿಳಿಯುವುದೂ ಇಲ್ಲ. ಬಳಸಲೇಬೇಕಾದರೆ ಕನಿಷ್ಠ ಪ್ರಮಾಣ, ಕೈಯಳತೆಯಲ್ಲಿ ಆಮ್ಲಜನಕ, ಮತ್ತು ಯೋಹಿಂಬಿನ್‌ನಂಥ ಪ್ರತಿಔಷಧಿ ಇರಲಿ. ಗಬ್ಬದ ಕುರಿಯಲ್ಲಿ ಇದು ಗರ್ಭಕೋಶವನ್ನು ಬಿಗಿಸಿ ಮರಿಗೆ ರಕ್ತ ಕಡಿಮೆ ಮಾಡುವುದರಿಂದ ಸಿಸೇರಿಯನ್‌ಗೆ ದೂರವಿಡುವುದೇ ಲೇಸು. ಅಲ್ಲಿ ಸ್ಥಳೀಯ ಅರಿವಳಿಕೆ ಸಾಕು. ಆದರೆ ಸ್ಥಳೀಯ ಅರಿವಳಿಕೆಗೂ ಮಿತಿಯುಂಟು. ಲಿಗ್ನೋಕೇನ್ ಕಿಲೋಗೆ 5 ಮಿಲಿಗ್ರಾಂ ಮೀರಬಾರದು, ಅಂದರೆ 30 ಕಿಲೋ ತೂಕದ ಬನ್ನೂರು ಕುರಿಗೆ ಶೇಕಡ 2ರ ದ್ರಾವಣ 7.5 ಮಿಲಿಲೀಟರ್ ಮಾತ್ರ. ಹಸುವಿನ ಮೇಲೆ ಕೈ ಪಳಗಿದವರು ಉದ್ದಕ್ಕೂ 20 ಮಿಲಿಲೀಟರ್ ಚುಚ್ಚಿಬಿಡುವುದು ಸುಲಭ, ಆಮೇಲೆ ಫಿಟ್ಸ್ ಬರುತ್ತದೆ. ಹೆಚ್ಚು ಜಾಗ ಮರಗಟ್ಟಿಸಬೇಕಾದರೆ ಔಷಧಿಯನ್ನು ಶೇಕಡ 1ಕ್ಕೆ ತೆಳುಮಾಡಿಕೊಳ್ಳಿ.

ಏಳನೆಯ ಹೆಜ್ಜೆ: ಮಲಗಿಸಿದ ಮೊದಲ ಹತ್ತು ನಿಮಿಷ

ಕುರಿಯನ್ನು ಮಲಗಿಸಿದೊಡನೆ ಮೂರು ಸಂಗತಿಗಳು ಒಟ್ಟಿಗೇ ಶುರುವಾಗುತ್ತವೆ. ತೇಗುವುದು ನಿಂತು ಮೆಲುಕು ಚೀಲದಲ್ಲಿ ಗಾಳಿ ಸೇರುತ್ತದೆ. ದಿನಕ್ಕೆ ಲೀಟರುಗಟ್ಟಲೆ ಒಸರುವ ಜೊಲ್ಲು ನಿಲ್ಲದೆ ಬರುತ್ತಲೇ ಇರುತ್ತದೆ, ನುಂಗುವುದು ಮಾತ್ರ ನಿಲ್ಲುತ್ತದೆ. ಹೊಟ್ಟೆಯ ಭಾರ ವಪೆಯ ಮೇಲೆ ಬಿದ್ದು ಶ್ವಾಸಕೋಶ ಕುಗ್ಗುತ್ತದೆ. ಆದ್ದರಿಂದ ಗಾಳಿಬುರುಡೆಯುಳ್ಳ ಶ್ವಾಸನಾಳದ ಟ್ಯೂಬನ್ನು ತಡಮಾಡದೆ ಹಾಕಿ ಬುರುಡೆ ಉಬ್ಬಿಸಬೇಕು. ವಯಸ್ಕ ಕುರಿಗೆ ಸಾಮಾನ್ಯವಾಗಿ 7ರಿಂದ 10 ಮಿಲಿಮೀಟರ್ ಒಳ ಅಗಲದ ಟ್ಯೂಬು ಹಿಡಿಸುತ್ತದೆ. ಬಾಯಿ ಕಿರಿದು, ಗಂಟಲು ಆಳ. ಉದ್ದ ಅಲಗಿನ ಲ್ಯಾರಿಂಗೋಸ್ಕೋಪ್ ಇಲ್ಲದೆ ಒದ್ದಾಡಬೇಡಿ. ಟ್ಯೂಬು ಕೂತ ಮೇಲೆ ಕತ್ತಿನ ಕೆಳಗೆ ಸುತ್ತಿದ ಟವೆಲ್ಲೊಂದನ್ನಿಟ್ಟು, ಗಂಟಲು ಎತ್ತರದಲ್ಲಿಯೂ ಮೂತಿ ತಗ್ಗಿನಲ್ಲಿಯೂ ಇರುವಂತೆ ತಲೆಯನ್ನು ಇಳಿಜಾರಾಗಿ ಮಲಗಿಸಿದರೆ ಜೊಲ್ಲೂ ಉಕ್ಕಿಬಂದ ಹೊಟ್ಟೆಯ ದ್ರವವೂ ತಾವಾಗಿ ಹೊರಗೆ ಹರಿಯುತ್ತವೆ. ಕೆಳಗೊಂದು ಟ್ರೇ ಇಡಿ: ಹರಿದದ್ದು ತಿಳಿಯಾಗಿದೆಯೋ ಹಸಿರಾಗಿದೆಯೋ ಎಂಬುದೇ ಒಂದು ಅಳತೆ. ಜೊಲ್ಲು ಹರಿಯುತ್ತಿರುವುದು ಸಹಜ. ಅದನ್ನು ನಿಲ್ಲಿಸಲೆಂದು ಅಟ್ರೋಪಿನ್ ಕೊಟ್ಟರೆ ಜೊಲ್ಲು ಅಂಟಂಟಾಗಿ ಟ್ಯೂಬು ಕಟ್ಟಿಕೊಳ್ಳುತ್ತದೆ, ಹೊಟ್ಟೆಯ ಚಲನೆಯೂ ಇನ್ನಷ್ಟು ಮಂದವಾಗುತ್ತದೆ.

ಎಂಟನೆಯ ಹೆಜ್ಜೆ: ಅರಿವಳಿಕೆಯಲ್ಲಿ ಏನನ್ನು ಸಹಜವೆನ್ನಬೇಕು

ಐದೈದು ನಿಮಿಷಕ್ಕೊಮ್ಮೆ ಎಲ್ಲವನ್ನೂ ಬರೆಯಿರಿ. ಉಸಿರಿನೊಡನೆ ಕೊಡುವ ಅರಿವಳಿಕೆಯಾದ ಐಸೊಫ್ಲುರೇನ್ ಮೇಲಿರುವ ಆರೋಗ್ಯವಂತ ಕುರಿಯ ಹೃದಯ ನಿಮಿಷಕ್ಕೆ 80ರಿಂದ 120 ಬಡಿಯುತ್ತದೆ. ಕೆಟಮೈನ್ ಎಂಬ ಅರಿವಳಿಕೆ ಔಷಧಿ ಕೊಟ್ಟಿದ್ದರೆ ಮೇಲಿನ ತುದಿ, ಜೈಲಜೀನ್ ಕೊಟ್ಟಿದ್ದರೆ 60ರವರೆಗೆ ಇಳಿದೀತು. ಬಡಿತವೊಂದನ್ನೇ ನೋಡಿ ಏನನ್ನೂ ಮಾಡಬಾರದು. 58 ಬಡಿತದ ಜೊತೆ ರಕ್ತದೊತ್ತಡ 80 ಇದ್ದರೆ ಕಾಯಬಹುದು, 55 ಇದ್ದರೆ ಕಾಯಬಾರದು.

ರಕ್ತದೊತ್ತಡವೇ ಇಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಅಳತೆ. ಕುರಿಯ ಕಿವಿಯ ಹೊರಮೈಯಲ್ಲಿ ಅಪಧಮನಿ ಕಣ್ಣಿಗೇ ಕಾಣುವುದರಿಂದ ಸಣ್ಣ ಕ್ಯಾನುಲಾ (ನಾಳದೊಳಗೆ ಬಿಡುವ ತೆಳು ಕೊಳವೆ) ಹಾಕಿ ನೇರವಾಗಿ ಅಳೆಯುವುದು ಕಷ್ಟವಲ್ಲ. ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲಿರಲಿ: ಅದು 10 ಸೆಂಟಿಮೀಟರ್ ಕೆಳಗಿದ್ದರೆ 7 ಮಿ.ಮೀ.ಗಿಂತ ಹೆಚ್ಚು ಸುಳ್ಳು ಒತ್ತಡ ತೋರಿಸುತ್ತದೆ, ಮೇಜನ್ನು ಎತ್ತಿ ಇಳಿಸಿದಾಗಲೆಲ್ಲ ಇದನ್ನು ಸರಿಪಡಿಸಬೇಕು. ಪಟ್ಟಿ ಕಟ್ಟಿ ಅಳೆಯುವುದಾದರೆ ಪಟ್ಟಿಯ ಅಗಲ ಕಾಲಿನ ಸುತ್ತಳತೆಯ ಶೇಕಡ 40ರಷ್ಟಿರಬೇಕು. ಕಿರಿದಾದರೆ ಹೆಚ್ಚು, ಅಗಲವಾದರೆ ಕಡಿಮೆ ತೋರಿಸುತ್ತದೆ. ಸರಾಸರಿ ಒತ್ತಡ 70ರಿಂದ 90 ಇದ್ದರೆ ತೃಪ್ತಿಕರ. 65ಕ್ಕಿಂತ ಇಳಿದರೆ ಮೊದಲು ಮಾಡಬೇಕಾದದ್ದು ಐಸೊಫ್ಲುರೇನ್ ತಗ್ಗಿಸುವುದು, ಎರಡನೆಯದು ದ್ರವ ಏರಿಸುವುದು, ಔಷಧಿಗೆ ಕೈಹಾಕುವುದು ಅವೆರಡರ ನಂತರ.

ತಾನೇ ಉಸಿರಾಡುತ್ತಿರುವ ಕುರಿ ಅರಿವಳಿಕೆಯಲ್ಲಿ ನಿಮಿಷಕ್ಕೆ 15ರಿಂದ 40 ಸಲ, ಮೇಲುಮೇಲೆ ಉಸಿರಾಡುತ್ತದೆ. ಎಣಿಕೆ ಚೆನ್ನಾಗಿದೆಯೆಂದು ಮೋಸಹೋಗಬಾರದು, ಆಳವಿಲ್ಲದ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗುವುದಿಲ್ಲ. ಹೊರಬಿಟ್ಟ ಉಸಿರಿನ ಕೊನೆಯಲ್ಲಿ ಅಳೆದ ಇಂಗಾಲದ ಡೈಆಕ್ಸೈಡ್ 35ರಿಂದ 45 ಮಿ.ಮೀ. ಇರುವುದು ಉತ್ತಮ, 55ರವರೆಗೆ ತಾಳಿಕೊಳ್ಳಬಹುದು, 60 ದಾಟಿದರೆ ನೀವೇ ಉಸಿರು ಕೊಡಬೇಕು. ರಕ್ತದೊಳಗಿನ ನಿಜವಾದ ಮಟ್ಟ ಯಂತ್ರ ತೋರಿಸುವುದಕ್ಕಿಂತ ಹೆಚ್ಚೇ ಇರುತ್ತದೆಂಬುದನ್ನೂ ನೆನಪಿಡಿ. ಉಸಿರು ಕೊಡುವಾಗ ಕಿಲೋಗೆ 8ರಿಂದ 10 ಮಿಲಿಲೀಟರಿನಂತೆ, ನಿಮಿಷಕ್ಕೆ 10ರಿಂದ 15 ಸಲ, ಒತ್ತಡ 20 ಸೆಂಟಿಮೀಟರ್ ನೀರಿನ ಮಟ್ಟ ಮೀರದಂತೆ ಕೊಡಿ.

ಆಮ್ಲಜನಕದ ಮಟ್ಟ ಆಮ್ಲಜನಕ ಕೊಡುತ್ತಿರುವಾಗ ಶೇಕಡ 95ಕ್ಕಿಂತ ಮೇಲಿರಬೇಕು. ಪಲ್ಸ್ ಆಕ್ಸಿಮೀಟರನ್ನು ನಾಲಿಗೆಗೆ ಹಾಕುವುದು ವಾಡಿಕೆ. ಕಪ್ಪು ನಾಲಿಗೆಯ ಕುರಿಯಲ್ಲಿ ಓದು ಸಿಗದಿದ್ದರೆ ಬಣ್ಣವಿಲ್ಲದ ತುಟಿ, ಕಿವಿ ಅಥವಾ ಯೋನಿಯ ಅಂಚನ್ನು ನೋಡಿ. ಅಂಗಾತ ಮಲಗಿಸಿದ ಕುರಿ ಬರಿಯ ಕೋಣೆಗಾಳಿಯ ಮೇಲಿದ್ದರೆ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಸಿಲಿಂಡರಿಲ್ಲದೆ ಅಂಗಾತ ಮಲಗಿಸುವ ಸಾಹಸ ಬೇಡ.

ಉಷ್ಣತೆ ಮೊದಲ ಗಂಟೆಯಲ್ಲಿ ಒಂದು ಡಿಗ್ರಿಯವರೆಗೆ ಇಳಿಯುವುದು ನಿರೀಕ್ಷಿತ. 37 ಡಿಗ್ರಿಗಿಂತ ಕೆಳಗಾದರೆ ಬೆಚ್ಚಗೆ ಹೊದಿಸಬೇಕು. ಉಣ್ಣೆ ತುಂಬಿದ ಕುರಿ ಬಿಸಿ ಕೋಣೆಯಲ್ಲಿ ಬಟ್ಟೆಗಳ ಕೆಳಗಿದ್ದರೆ ತದ್ವಿರುದ್ಧವಾಗಿ ಏರಲೂಬಹುದು.

ಕಣ್ಣಿನ ವಿಷಯದಲ್ಲಿ ದನದ ಪಾಠ ಕುರಿಗೆ ಹೊಂದುವುದಿಲ್ಲ. ದನದಲ್ಲಿ ಕಣ್ಣುಗುಡ್ಡೆ ಕೆಳಕ್ಕೆ ತಿರುಗುವುದನ್ನು ನೋಡಿ ಅರಿವಳಿಕೆಯ ಆಳ ಹೇಳಬಹುದು, ಕುರಿಯಲ್ಲಿ ಅದು ನಂಬಿಕೆಗೆ ಅರ್ಹವಲ್ಲ. ರೆಪ್ಪೆಯ ಅಂಚು ಮುಟ್ಟಿದಾಗ ಮಂದವಾಗಿ ಮಿಟುಕಿದರೆ ಆಳ ಸರಿಯಾಗಿದೆ. ದವಡೆ ಅಗಿದರೆ ಅಥವಾ ನುಂಗಿದರೆ ಅರಿವಳಿಕೆ ತೆಳುವಾಗಿದೆ.

ಒಂದು ದಾಖಲೆ ಹಾಳೆಯನ್ನು ಓದುವ ಬಗೆ

ಕಲಿಕೆಗಾಗಿ ಕಟ್ಟಿದ ಒಂದು ಉದಾಹರಣೆ ನೋಡೋಣ. 32 ಕಿಲೋ ತೂಕದ ಹೆಣ್ಣು ಕುರಿ, ಹಿಂಗಾಲಿನ ಮೂಳೆ ಮುರಿದಿದೆ, ಪಕ್ಕಕ್ಕೆ ಮಲಗಿಸಿ ಪ್ಲೇಟು ಹಾಕಬೇಕು.

ಹಿಂದಿನ ದಿನ ಬೆಳಿಗ್ಗೆ 7.10: ಉಸಿರು 24, ಉಷ್ಣತೆ 39.1, ಬಡಿತ ಮೊದಲು 104, ಕೊನೆಗೆ 86, ಪಿ.ಸಿ.ವಿ. 31, ಮೆಲುಕು ಚೀಲದ ಚಲನೆ ಎರಡು ನಿಮಿಷಕ್ಕೆ 3.
ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ 9.20: ಬಡಿತ 112, ಒತ್ತಡ 88, ಉಸಿರು 28, ಇಂಗಾಲದ ಡೈಆಕ್ಸೈಡ್ 44, ಆಮ್ಲಜನಕ 97, ಉಷ್ಣತೆ 38.8, ಐಸೊಫ್ಲುರೇನ್ ಶೇಕಡ 2.5.
9.50: ಬಡಿತ 98, ಒತ್ತಡ 62, ಉಸಿರು 11, ಇಂಗಾಲದ ಡೈಆಕ್ಸೈಡ್ 54, ಆಮ್ಲಜನಕ 96, ಉಷ್ಣತೆ 38.2, ರೆಪ್ಪೆ ಮಿಟುಕಿಲ್ಲ, ಜೊಲ್ಲು ಬಹುಮಟ್ಟಿಗೆ ನಿಂತಿದೆ.
10.05: ಬಡಿತ 96, ಒತ್ತಡ 74, ಉಸಿರು 18, ಇಂಗಾಲದ ಡೈಆಕ್ಸೈಡ್ 46, ಉಷ್ಣತೆ 37.9, ಐಸೊಫ್ಲುರೇನ್ ಶೇಕಡ 1.8.

9.50ರ ಸಾಲನ್ನು ಬಿಡಿಬಿಡಿಯಾಗಿ ಓದಿದರೆ ಬಡಿತ ಸಹಜ, ಆಮ್ಲಜನಕ ಸಹಜ, ಇಂಗಾಲದ ಡೈಆಕ್ಸೈಡ್ ತಾಳಬಹುದಾದ ಮಿತಿಯಲ್ಲಿದೆ. ಒಟ್ಟಾಗಿ ಓದಿದರೆ ಮಾತ್ರ ಚಿತ್ರ ಕಾಣುತ್ತದೆ: ಅರ್ಧ ಗಂಟೆಯಲ್ಲಿ ಒತ್ತಡ 26 ಇಳಿದಿದೆ, ಉಸಿರು ಅರ್ಧಕ್ಕಿಂತ ಕಡಿಮೆಯಾಗಿದೆ, ರೆಪ್ಪೆ ಮಿಟುಕುತ್ತಿಲ್ಲ, ಜೊಲ್ಲೂ ನಿಂತಿದೆ. ಅರಿವಳಿಕೆ ಆಳವಾಗಿದೆ. ರಕ್ತಸ್ರಾವವೂ ಕಾರಣವಿರಬಹುದೇ ಎಂದು ನೋಡಬೇಕು: ಕಿಲೋಗೆ ಸುಮಾರು 60 ಮಿಲಿಲೀಟರಿನಂತೆ ಈ ಕುರಿಯ ಮೈಯಲ್ಲಿರುವ ರಕ್ತವೇ 1.9 ಲೀಟರ್, ಅದರ ಹತ್ತನೆಯ ಒಂದು ಭಾಗ 190 ಮಿಲಿಲೀಟರ್. ನೆನೆದ ಗಾಜ್ ತುಂಡುಗಳನ್ನು ಎಣಿಸಿ, ತುಂಡಿಗೆ ಸುಮಾರು 10 ಮಿಲಿಲೀಟರ್ ಎಂದಿಟ್ಟುಕೊಂಡರೆ ಆರು ತುಂಡಿಗೆ 60. ಒತ್ತಡ ಇಷ್ಟು ಇಳಿಯಲು ಅದು ಕಾರಣವಲ್ಲ. ಹಾಗಾಗಿ ಐಸೊಫ್ಲುರೇನ್ ತಗ್ಗಿಸಿ, ಕೈಯಿಂದ ಕೆಲವು ಉಸಿರು ಕೊಟ್ಟು, ಗಂಟೆಗೆ ಕಿಲೋಗೆ 5 ಮಿಲಿಲೀಟರಿನಂತೆ ಹೋಗುತ್ತಿದ್ದ ದ್ರವವನ್ನು ತಾತ್ಕಾಲಿಕವಾಗಿ ಹೆಚ್ಚಿಸಿದ್ದಾರೆ. ಪಂಪಿಲ್ಲದ ಕಡೆ ಲೆಕ್ಕ ಹೀಗೆ: 32ನ್ನು 5ರಿಂದ ಗುಣಿಸಿದರೆ ಗಂಟೆಗೆ 160 ಮಿಲಿಲೀಟರ್, ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ 53 ಹನಿ.

ಒಂಬತ್ತನೆಯ ಹೆಜ್ಜೆ: ಎಚ್ಚರವಾಗುವವರೆಗೆ

ಶಸ್ತ್ರಚಿಕಿತ್ಸೆ ಮುಗಿಯಿತೆಂದು ಎಲ್ಲರೂ ಕೈತೊಳೆಯಲು ಹೋಗುವ ಹೊತ್ತೇ ಕುರಿಗೆ ಹೆಚ್ಚು ಅಪಾಯದ್ದು. ಅದನ್ನು ಎದೆಯ ಮೇಲೆ ಕೂರಿಸಿ, ಎರಡೂ ಪಕ್ಕಕ್ಕೆ ಹುಲ್ಲಿನ ಹೊರೆ ಅಥವಾ ಗೋಣಿಚೀಲ ಒತ್ತುಕೊಡಿ. ಈ ಭಂಗಿಯಲ್ಲಿ ಸಿಕ್ಕಿಬಿದ್ದ ಗಾಳಿ ತೇಗಿನಲ್ಲಿ ಹೊರಬರುತ್ತದೆ, ಶ್ವಾಸಕೋಶವೂ ಅರಳುತ್ತದೆ. ಉಬ್ಬರ ಇಳಿಯದಿದ್ದರೆ ಹೊಟ್ಟೆಗೆ ಟ್ಯೂಬು ಹಾಕಬೇಕು. ಶ್ವಾಸನಾಳದ ಟ್ಯೂಬನ್ನು ಕುರಿ ತಾನಾಗಿ ಅಗಿಯುವ, ನುಂಗುವವರೆಗೆ ತೆಗೆಯಬಾರದು. ತೆಗೆಯುವಾಗ ಮೂತಿಯನ್ನು ತಗ್ಗಿಸಿ, ಬುರುಡೆಯನ್ನು ಪೂರ್ತಿ ಇಳಿಸದೆ ತುಸು ಗಾಳಿ ಉಳಿಸಿಕೊಂಡು ಎಳೆದರೆ ಗಂಟಲಿನಲ್ಲಿ ನಿಂತ ಕಸರು ಟ್ಯೂಬಿನೊಡನೆ ಹೊರಗೆ ಬರುತ್ತದೆ. ಕಿವಿಯ ಕ್ಯಾನುಲಾ ತೆಗೆದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯಿರಿ.

ಆಮೇಲೆ ಹದಿನೈದು ನಿಮಿಷಕ್ಕೊಮ್ಮೆ ಉಸಿರು, ಬಡಿತ, ಉಷ್ಣತೆ, ಎಡಪಕ್ಕೆ ನೋಡುತ್ತಿರಿ. ಜೈಲಜೀನ್ ಕೊಟ್ಟ ಕುರಿ ಹೆಚ್ಚು ಮೂತ್ರ ಮಾಡುತ್ತದೆ, ಅದರ ರಕ್ತದ ಸಕ್ಕರೆಯೂ ಕೆಲವು ಗಂಟೆ ಏರಿರುತ್ತದೆ. ಆಗ ತೆಗೆದ ಗ್ಲೂಕೋಸ್ ಅಳತೆಗೆ ಬೆಲೆ ಕೊಡಬೇಡಿ. ಕುರಿ ನೋವನ್ನು ಮುಚ್ಚಿಟ್ಟುಕೊಳ್ಳುವ ಪ್ರಾಣಿಯಾದ್ದರಿಂದ ಹಲ್ಲು ಕಡಿಯುವುದು, ಕಿವಿ ಹಿಂದಕ್ಕೆ ಜೋಲುವುದು, ಬಡಿತ 120ರ ಮೇಲೆ ನಿಂತುಬಿಡುವುದು ಇವನ್ನು ನೋವಿನ ಗುರುತುಗಳೆಂದೇ ಎಣಿಸಿ. ಜೊತೆಯ ಕುರಿಯನ್ನು ಹತ್ತಿರ ತಂದು ಕಟ್ಟಿ, ಎರಡಕ್ಕೂ ಕಾಣುವಂತೆ ಹಿಡಿ ಒಣಹುಲ್ಲು ಹಾಕಿ. ಎಡಪಕ್ಕೆಯಲ್ಲಿ ಮುಷ್ಟಿಗೆ ಮತ್ತೆ ಎರಡು ನಿಮಿಷಕ್ಕೆ ಮೂರು ಸಲ ತಳ್ಳಿದ ಅನುಭವವಾಗಿ, ಬಾಯಿಗೆ ಮೊದಲ ಉಂಡೆ ಬಂದು ಮೆಲುಕು ಶುರುವಾದ ಹೊತ್ತನ್ನು ಹಾಳೆಯಲ್ಲಿ ಬರೆದು, ಅಲ್ಲಿಗೆ ದಾಖಲೆ ಮುಚ್ಚಬಹುದು.